ಸಿಲಿಂಡರ್ ನಾಲ್ಕೋ, ಆರೋ? ಮೊದಲು ತೋಟದ ದಾರಿ ಅಳೆಯಿರಿ

ಬೇಲೂರು ಎಂದೊಡನೆ ನಮ್ಮ ಸದಸ್ಯರಿಗೆ ಚೆನ್ನಕೇಶವನ ಗುಡಿ ನೆನಪಾಗುವುದು ಸಹಜ. ಇಲ್ಲಿ ನಾವು ಹೇಳಹೊರಟಿರುವುದು ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಕಡೆಗಿರುವ ಇನ್ನೊಂದು ಬೇಲೂರಿನ ಮಾತು. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಹಿಟಾಚಿ ಕಂಪನಿಯ ಕಾರ್ಖಾನೆ ಇದೆ. ತೋಟದಲ್ಲಿ ಕೆರೆ ತೆಗೆಯಲು, ಬಸಿಗಾಲುವೆ ತೋಡಲು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರಿಸುವ ಮಣ್ಣಗೆಯುವ ಯಂತ್ರವನ್ನು ನಾವೆಲ್ಲ ‘ಹಿಟಾಚಿ’ ಎಂದೇ ಕರೆಯುತ್ತೇವಷ್ಟೆ. ಆ ಹೆಸರಿನ ಮೂಲ ಈ ಕಂಪನಿಯೇ. ಈ ಯಂತ್ರಗಳ ಎಂಜಿನ್ನನ್ನು ಮುಂದಿಟ್ಟುಕೊಂಡರೆ, ಟ್ರ್ಯಾಕ್ಟರ್ ಕೊಳ್ಳುವ ಮುನ್ನ ಸದಸ್ಯರು ಕೇಳುವ ಒಂದು ಪ್ರಶ್ನೆಗೆ ಉತ್ತರ ಸುಲಭವಾಗುತ್ತದೆ. ಸಿಲಿಂಡರ್ ನಾಲ್ಕಿರಬೇಕೋ, ಆರಿರಬೇಕೋ?

ಹೆಚ್ಚು ಸಿಲಿಂಡರಿನಿಂದ ಆಗುವುದೇನು?

ಇಎಕ್ಸ್ 200 ಎಂಬ ಹೆಸರಾಂತ ಹಿಟಾಚಿ ಯಂತ್ರದಲ್ಲಿ ಬಹುಕಾಲ ಬಳಸಿದ್ದು ಕಮ್ಮಿನ್ಸ್ ‘ಬಿ’ ಸರಣಿಯ ಆರು ಸಿಲಿಂಡರಿನ, 5.9 ಲೀಟರಿನ ಎಂಜಿನ್. ಅದೇ ಸರಣಿಯಲ್ಲಿ ನಾಲ್ಕು ಸಿಲಿಂಡರಿನ 3.9 ಲೀಟರಿನ ಎಂಜಿನ್ನೂ ಇದೆ. ಎರಡರಲ್ಲೂ ಒಂದೊಂದು ಸಿಲಿಂಡರಿನ ಅಳತೆ ಒಂದೇ, ಸುಮಾರು ಒಂದು ಲೀಟರು. ಅಂದರೆ ನಾಲ್ಕಕ್ಕೆ ಎರಡು ಸೇರಿಸಿದರೆ ಆರು, ಅಷ್ಟೆ.

ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತು ತಿರುಗುವಾಗ ಎರಡು ಬಾರಿ ತಳ್ಳು ಸಿಗುತ್ತದೆ. ಆರರಲ್ಲಿ ಮೂರು ಬಾರಿ. ಆದುದರಿಂದ ಆರು ಸಿಲಿಂಡರಿನದು ನಯವಾಗಿ ಓಡುತ್ತದೆ, ನಡುಕ ಕಡಿಮೆ, ದಿನವಿಡೀ ಭಾರ ಎಳೆದರೂ ಏದುಸಿರು ಬಿಡುವುದಿಲ್ಲ. ಇದರ ಬೆಲೆಯೂ ಇದೆ. ಎಂಜಿನ್ ಉದ್ದವಾಗುತ್ತದೆ, ಮೂತಿಯ ಭಾರ ಹೆಚ್ಚುತ್ತದೆ, ತಿರುಗಲು ಹೆಚ್ಚು ಜಾಗ ಬೇಕು. ಪಿಸ್ಟನ್, ರಿಂಗ್, ಇಂಜೆಕ್ಟರ್ ಎಲ್ಲವೂ ಎರಡೆರಡು ಹೆಚ್ಚು. ಎಂಜಿನ್ ಬಿಚ್ಚಿದ ದಿನ ಬಿಲ್ಲೂ ಅದಕ್ಕೆ ತಕ್ಕಂತೆ ಬರುತ್ತದೆ. ನೂರಾರು ಎಕರೆ ಬಯಲು ಹೊಲದಲ್ಲಿ ದೊಡ್ಡ ನೇಗಿಲು ಎಳೆಯುವ ಪರದೇಶದ ರೈತನಿಗೆ ಇದು ಸರಿ. ನಮ್ಮ ದೇಶದಲ್ಲಿ ಮಾರಾಟವಾಗುವ ಟ್ರ್ಯಾಕ್ಟರುಗಳಲ್ಲಿ ಬಹುಪಾಲು 31ರಿಂದ 50 ಅಶ್ವಶಕ್ತಿಯವು; ಅವುಗಳಲ್ಲಿ ಇರುವುದು ಮೂರೋ ನಾಲ್ಕೋ ಸಿಲಿಂಡರ್.

ಎಣಿಕೆಯೇ ಶಕ್ತಿಯಲ್ಲ

ಸ್ವರಾಜ್ 735 ಮೂರು ಸಿಲಿಂಡರಿನದು, ಎಂಜಿನ್ನಿನ ಗಾತ್ರ 2734 ಸಿ.ಸಿ. ಮಹೀಂದ್ರ 575 ನಾಲ್ಕು ಸಿಲಿಂಡರಿನದು, ಗಾತ್ರ 2730 ಸಿ.ಸಿ. ಒಂದೇ ಅಳತೆಯ ರೊಟ್ಟಿಯನ್ನು ಒಬ್ಬರು ಮೂರು ತುಂಡು ಮಾಡಿದರೆ ಇನ್ನೊಬ್ಬರು ನಾಲ್ಕು ಮಾಡಿದ ಹಾಗೆ. ಜಾನ್ ಡಿಯರ್ 5310 ಮೂರೇ ಸಿಲಿಂಡರಿನಲ್ಲಿ 55 ಅಶ್ವಶಕ್ತಿ ಕೊಡುತ್ತದೆ. ನಾಲ್ಕು ಸಿಲಿಂಡರಿನ 575 ಕೊಡುವುದು 45. ಆದ್ದರಿಂದ ಸಿಲಿಂಡರ್ ಎಣಿಸಿ ಟ್ರ್ಯಾಕ್ಟರಿನ ತಾಕತ್ತು ಅಳೆಯಲಾಗದು. ಅಶ್ವಶಕ್ತಿ ಎಷ್ಟು, ಪಿ.ಟಿ.ಒ.ದಲ್ಲಿ ದೊರೆಯುವುದೆಷ್ಟು, ತೂಕವೆಷ್ಟು, ಅಗಲವೆಷ್ಟು ಎಂದು ಕೇಳಬೇಕು.

ನಮ್ಮ ತೋಟದ ಲೆಕ್ಕ

ನಾಲ್ಕು ಎಕರೆ ಅಡಿಕೆ, ಎರಡು ಎಕರೆ ಕಾಫಿ ಇರುವ ಒಂದು ಮನೆಯನ್ನು ತೆಗೆದುಕೊಳ್ಳೋಣ. ಅಡಿಕೆಗೆ ಶಿಫಾರಸು ಮಾಡಿದ ಅಂತರ ಮರದಿಂದ ಮರಕ್ಕೆ 2.7 ಮೀಟರ್, ಅಂದರೆ 9 ಅಡಿ. 45 ಅಶ್ವಶಕ್ತಿಯ ಟ್ರ್ಯಾಕ್ಟರಿನ ಅಗಲವೇ ಸುಮಾರು ಆರು ಅಡಿ. ನಡುವೆ ಬಸಿಗಾಲುವೆ ಇದೆ, ಬಾಳೆ ಇದೆ, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಇದೆ. ಅಡಿಕೆಯ ಆಹಾರ ಹೀರುವ ಬೇರುಗಳು ನೆಲದ ಮೇಲ್ಪದರದಲ್ಲೇ ಹರಡಿರುತ್ತವೆ. ಮಳೆಗಾಲದಲ್ಲಿ ಭಾರದ ಚಕ್ರ ಹಾಯ್ದರೆ ಮಣ್ಣು ಗಟ್ಟಿಯಾಗಿ ನೀರು ನಿಲ್ಲುತ್ತದೆ, ಬೇರು ಉಸಿರು ಕಟ್ಟುತ್ತದೆ. ಕಾಫಿ ಗಿಡಗಳ ಸಾಲಿನೊಳಗಂತೂ ಅದು ಇಳಿಯುವಂತಿಲ್ಲ. ಕೊನೆಗೆ ದೊಡ್ಡ ಟ್ರ್ಯಾಕ್ಟರ್ ಮಾಡುವುದು ಗೊಬ್ಬರ, ಅಡಿಕೆ, ಕಾಫಿ ಹಣ್ಣು ಸಾಗಿಸುವ ಟ್ರೈಲರ್ ಕೆಲಸ ಮಾತ್ರ.

ಬೋರ್ಡೋ ದ್ರಾವಣ ಸಿಂಪಡಿಸುವ ಪಂಪಿಗೆ ಕೆಲವೇ ಅಶ್ವಶಕ್ತಿ ಸಾಕು. ಹದವಾದ ಭಾರದಲ್ಲಿ ದುಡಿಯುವ ಎಂಜಿನ್ ಒಂದು ಲೀಟರ್ ಡೀಸೆಲ್ಲಿಗೆ ಸುಮಾರು ನಾಲ್ಕೂವರೆ ಅಶ್ವಶಕ್ತಿಯ ಕೆಲಸವನ್ನು ಒಂದು ಗಂಟೆ ಮಾಡಬಲ್ಲದು. ದೊಡ್ಡ ಎಂಜಿನ್ನಿಗೆ ಪುಟ್ಟ ಕೆಲಸ ಹಚ್ಚಿದರೆ, ತನ್ನನ್ನೇ ತಾನು ತಿರುಗಿಸಿಕೊಳ್ಳಲು ಅದು ಡೀಸೆಲ್ ಸುಡುತ್ತದೆ.

ಇಂಥ ಮನೆಗೆ ಒಂದು ಸಿಲಿಂಡರಿನ ಪವರ್ ಟಿಲ್ಲರ್, ಇಲ್ಲವೇ 18ರಿಂದ 28 ಅಶ್ವಶಕ್ತಿಯ, ನಾಲ್ಕು ಅಡಿಯೊಳಗಿನ ಅಗಲದ ಪುಟ್ಟ ಟ್ರ್ಯಾಕ್ಟರ್ ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ. ತೋಟದ ಜೊತೆಗೆ ಹತ್ತಾರು ಎಕರೆ ಗದ್ದೆಯೂ ಇದ್ದರೆ, ಅಥವಾ ಬಾಡಿಗೆಗೆ ಓಡಿಸುವ ಖಚಿತ ಅವಕಾಶವಿದ್ದರೆ 40-45 ಅಶ್ವಶಕ್ತಿಯದು ಸಾರ್ಥಕ. 50ಕ್ಕೂ ಹೆಚ್ಚಿನದನ್ನು ಬಯಸುವವರು ಒಂದು ಸಂಗತಿ ಗಮನಿಸಬೇಕು: 2023ರ ಜನವರಿಯಿಂದ ಆ ದರ್ಜೆಯ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆ ನಿಯಮ ಬಿಗಿಯಾಗಿದೆ, ಬೆಲೆಯೂ ಏರಿದೆ. ಕೆಟ್ಟರೆ ಊರಿನ ಮೆಕ್ಯಾನಿಕ್ಕಿನ ಸ್ಪ್ಯಾನರ್ ಸಾಲದೆ ಕಂಪನಿಯ ಕಂಪ್ಯೂಟರ್ ಬೇಕಾಗಬಹುದು.

ಆರು ಸಿಲಿಂಡರಿನ ಕೆಲಸ ನಮಗೂ ಬರುತ್ತದೆ, ವರ್ಷಕ್ಕೆ ನಾಲ್ಕಾರು ಗಂಟೆ, ಕೆರೆಯ ಹೂಳೆತ್ತುವಾಗ. ಅದನ್ನು ಬಾಡಿಗೆಗೆ ಕರೆಸುವುದೇ ಜಾಣತನ. ಉಳುಮೆಯ ಯಂತ್ರಗಳಿಗೆ 2014-15ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳನ್ನೂ ವಿಚಾರಿಸಬಹುದು.

ಕೊಳ್ಳುವ ಮುನ್ನ

ಮೊದಲು ಟೇಪು ಹಿಡಿದು ತೋಟದ ದಾರಿ, ಸಂಕ, ತಿರುವು ಅಳೆಯಿರಿ. ಕಳೆದ ವರ್ಷ ಯಂತ್ರಕ್ಕೆ ಎಷ್ಟು ಗಂಟೆ ಕೆಲಸವಿತ್ತೆಂದು ಬರೆದಿಡಿ. ವರ್ಷದ ಕಂತು, ಬಡ್ಡಿ, ವಿಮೆ, ರಿಪೇರಿ ಕೂಡಿಸಿ ಆ ಗಂಟೆಗಳಿಂದ ಭಾಗಿಸಿ. ಬಂದ ಮೊತ್ತ ಬಾಡಿಗೆ ದರಕ್ಕಿಂತ ಹೆಚ್ಚಾದರೆ ಸಾಲದ ಅರ್ಜಿಗೆ ಕೈ ಹಾಕಬೇಡಿ. ಕೊಳೆರೋಗ ಬಂದ ವರ್ಷವೂ, ಎಲೆಚುಕ್ಕಿ ರೋಗ ಬಂದ ವರ್ಷವೂ ಕಂತು ತಪ್ಪುವುದಿಲ್ಲ. ಅಡವಿಟ್ಟದ್ದು ತೋಟವೇ ಆದರೆ ಹೋಗುವುದೂ ತೋಟವೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಟ್ರ್ಯಾಕ್ಟರಿಗೂ ಸಲ್ಲುತ್ತದೆ.