ತೊಟ್ಟಿಯಲ್ಲಿ ತತ್ತಿಯಿಡದ ಮೀನು

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಎಸೆಯುವುದು ವಾಡಿಕೆ. ಮೇಲಕ್ಕೆ ಬಂದು ಬಾಯಿ ತೆರೆಯುವ ಆ ಹೆಮ್ಮೀನುಗಳ ಮೇಲೆಯೇ ಎಲ್ಲರ ಕಣ್ಣು. ಆದರೆ ತುಂಗಾನದಿಯ ತಳದಲ್ಲಿ, ಉರುಟುಕಲ್ಲುಗಳ ಸಂದಿನಲ್ಲಿ, ನೋಡುವವರ ಗಮನಕ್ಕೆ ಬಾರದ ಇನ್ನೊಂದು ಮೀನು ಬಾಳುತ್ತದೆ. ಉದ್ದ ಮೂರು ನಾಲ್ಕು ಅಂಗುಲ. ಮೈಮೇಲೆ ತಲೆಯಿಂದ ಬಾಲದವರೆಗೂ ಹಳದಿ ಮತ್ತು ಕಪ್ಪುಗಂದು ಬಣ್ಣದ ಅಡ್ಡಪಟ್ಟೆಗಳು. ಬಾಯಿಯ ಸುತ್ತ ಸಣ್ಣ ಮೀಸೆಗಳು. 1920ರಲ್ಲಿ ಈ ಮೀನನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞರಾಗಿದ್ದ ಸಿ. ಆರ್. ನಾರಾಯಣರಾಯರು. 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಗೆ ಮೊದಲ ಸಂಪಾದಕರಾದವರೂ ಇವರೇ. ಮೀನಿಗೆ ಅವರಿಟ್ಟ ಹೆಸರು ‘ಬೋಟಿಯಾ ಸ್ಟ್ರಯಾಟ’. ಅಂಗಡಿಯವರು ಅದನ್ನು ಜೀಬ್ರಾ ಲೋಚ್ ಎನ್ನುತ್ತಾರೆ.

ಈ ಮೀನು ಇಂದು ನದಿಯಿಂದ ಬಹುದೂರ ಹೋಗಿದೆ. ಅಲಂಕಾರಮೀನುಗಳ ವ್ಯಾಪಾರದಲ್ಲಿ ಸಿಕ್ಕಿ ಸಮುದ್ರದಾಚೆಯ ದೇಶಗಳ ಗಾಜಿನ ತೊಟ್ಟಿಗಳನ್ನೂ ಸೇರಿದೆ. ಅಲ್ಲಿ ಅದು ಕೊಟ್ಟದ್ದನ್ನು ತಿನ್ನುತ್ತದೆ, ಬೆಳೆಯುತ್ತದೆ, ಜೊತೆಯವುಗಳೊಡನೆ ಆಟವಾಡುತ್ತದೆ, ವರ್ಷಗಟ್ಟಲೆ ಬದುಕುತ್ತದೆ. ತತ್ತಿಯನ್ನು ಮಾತ್ರ ಇಡುವುದು ಬಲು ಅಪರೂಪ. ಅದೇ ತೊಟ್ಟಿಯಲ್ಲಿ ಗಪ್ಪಿ ತಿಂಗಳಿಗೊಮ್ಮೆ ಮರಿಹಾಕುತ್ತದೆ. ಬಂಗಾರದ ಮೀನನ್ನು ಚೀನೀಯರು ನೂರಾರು ವರ್ಷಗಳಿಂದ ಸಾಕಿ ಮರಿಮಾಡಿಸಿದ್ದಾರೆ. ಲೋಚ್ ಮೀನಿಗೇಕೆ ಈ ಹಟ? ಆರೋಗ್ಯ ಕೆಟ್ಟಿತೆಂದರೆ ಕಾರಣ ಹೇಳುವುದು ಸುಲಭ. ಮೀನು ಪುಷ್ಟವಾಗಿಯೇ ಇದೆ, ಹೆಣ್ಣಿನ ಹೊಟ್ಟೆ ತತ್ತಿಯಿಂದ ಉಬ್ಬಿಯೂ ಇದೆ, ಆದರೂ ಸಂತಾನವಿಲ್ಲ. ಇದು ವಿಚಾರ ಮಾಡತಕ್ಕ ಸಂಗತಿ.

ಲೋಚ್ ಎಂಬುದು ಒಂದು ಜಾತಿಯ ಹೆಸರಲ್ಲ. ಯುರೋಪಿನಿಂದ ಜಪಾನಿನವರೆಗೆ, ಹಿಮಾಲಯದಿಂದ ಇಂಡೋನೇಷ್ಯದವರೆಗೆ ಹರಡಿರುವ ಸಾವಿರಕ್ಕೂ ಮಿಕ್ಕ ಜಾತಿಗಳಿಗೆ ಅದು ಒಟ್ಟು ಹೆಸರು. ನಾವು ಊಟಕ್ಕೆ ಬಳಸುವ ರೋಹು, ಕಾಟ್ಲಾಗಳೂ ಇವೂ ಒಂದೇ ಗಣಕ್ಕೆ ಸೇರಿದವು. ದೂರದ ದಾಯಾದಿಗಳು ಎನ್ನಬಹುದು. ಹೆಚ್ಚಿನವು ತಳದಲ್ಲಿ ವಾಸಿಸಿ, ಮೀಸೆಗಳಿಂದ ತಡವಿ ಆಹಾರ ಹುಡುಕುತ್ತವೆ. ಹುರುಪೆಗಳು ತೀರ ಸಣ್ಣವು, ಕೆಲವಕ್ಕೆ ಇಲ್ಲವೇ ಇಲ್ಲ. ಬೋಟಿಯಾ ಮೊದಲಾದವುಗಳಿಗೆ ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳೊಂದಿದ್ದು, ಹೆದರಿದಾಗ ಅದನ್ನು ಚಾಚುತ್ತವೆ. ಬಲೆಯಲ್ಲಿ ಹಿಡಿಯಹೋದವರು ಈ ಮುಳ್ಳನ್ನು ನೂಲಿನಿಂದ ಬಿಡಿಸುವ ಕಷ್ಟವನ್ನು ಚೆನ್ನಾಗಿ ಬಲ್ಲರು.

ದಾಯಾದಿತನದ ಮಾತನ್ನು ಸುಮ್ಮನೆ ಎತ್ತಲಿಲ್ಲ. ಲೋಚ್ ಮೀನಿನ ಒಗಟಿಗೆ ಉತ್ತರ ದೊರೆತದ್ದು ರೋಹುವಿನ ಕಡೆಯಿಂದ. ಅದನ್ನು ತಿಳಿಯಬೇಕಾದರೆ ಮೀನಿನ ಅಂಡಾಶಯದಲ್ಲಿ ನಡೆಯುವ ಕೆಲಸವನ್ನು ಸ್ವಲ್ಪ ನೋಡಬೇಕು.

ತತ್ತಿ ಬಲಿಯುವುದು ಎರಡು ಹಂತಗಳಲ್ಲಿ. ಮೊದಲನೆಯದು ನಿಧಾನದ ಕೆಲಸ. ಯಕೃತ್ತಿನಲ್ಲಿ ತಯಾರಾದ ಪೋಷಕವಸ್ತು ರಕ್ತದ ಮೂಲಕ ಅಂಡಾಶಯಕ್ಕೆ ಬಂದು, ಒಂದೊಂದು ತತ್ತಿಯಲ್ಲಿಯೂ ಹಳದಿ ಭಾಗವಾಗಿ ತುಂಬಿಕೊಳ್ಳುತ್ತದೆ. ಇದಕ್ಕೆ ವಾರಗಳು, ತಿಂಗಳುಗಳು ಬೇಕು. ಒಳ್ಳೆಯ ಆಹಾರವಿದ್ದರೆ ಗಾಜಿನ ತೊಟ್ಟಿಯಲ್ಲಿಯೂ ಇದು ನಡೆಯುತ್ತದೆ. ಎರಡನೆಯದು ಕೊನೆಯ ಮಾಗುವಿಕೆ ಮತ್ತು ಬಿಡುಗಡೆ. ಕೆಲವೇ ಗಂಟೆಗಳಲ್ಲಿ ಮುಗಿಯುವಂಥದು. ಮಿದುಳಿನ ಬುಡದಲ್ಲಿರುವ ಪಿಟ್ಯುಯಿಟರಿ ಗ್ರಂಥಿಯು ಒಂದು ಹಾರ್ಮೋನನ್ನು ಒಮ್ಮೆಗೇ ಹೇರಳವಾಗಿ ರಕ್ತಕ್ಕೆ ಬಿಟ್ಟರಲ್ಲದೆ ಈ ಎರಡನೆಯ ಹಂತ ಆರಂಭವಾಗುವುದಿಲ್ಲ. ಆ ಗ್ರಂಥಿಗಾದರೂ ಸ್ವಾತಂತ್ರ್ಯವಿಲ್ಲ. ಮಿದುಳಿನಿಂದ ಅದಕ್ಕೆ ಎರಡು ಬಗೆಯ ಅಪ್ಪಣೆ ಬರುತ್ತದೆ. ಒಂದು ‘ಬಿಡು’ ಎನ್ನುವ ರಾಸಾಯನಿಕ; ಇನ್ನೊಂದು ‘ತಡೆ’ ಎನ್ನುವ ರಾಸಾಯನಿಕ. ಈ ಎರಡನೆಯದರ ಹೆಸರು ಡೋಪಮೀನ್. ರೋಹುವಿನ ಬಳಗದಲ್ಲಿ ತಡೆಯುವ ಅಪ್ಪಣೆ ಬಹಳ ಬಲವಾದುದು.

ನಮ್ಮ ಹಳ್ಳಿಯ ಕೆರೆಯನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಕೆರೆ ಕೋಡಿಯ ಮಟ್ಟಕ್ಕೆ ತುಂಬಿದೆ, ಕೆಳಗೆ ಗದ್ದೆಯೂ ಕಾದಿದೆ. ತೂಬು ಎತ್ತುವವನು ಬಂದಿಲ್ಲ. ತೊಟ್ಟಿಯ ಲೋಚ್ ಮೀನಿನ ಸ್ಥಿತಿ ಇದೇ. ಕೆಲವು ವಾರಗಳು ಕಾದಮೇಲೆ ಬಿಡುಗಡೆಯಾಗದ ತತ್ತಿಗಳನ್ನು ಮೀನಿನ ದೇಹವೇ ಕರಗಿಸಿ ಹೀರಿಕೊಳ್ಳುತ್ತದೆ. ಉಬ್ಬಿದ್ದ ಹೊಟ್ಟೆ ಇಳಿದುಹೋದುದನ್ನು ಕಂಡ ಮನೆಯವರು, ಮೀನು ರಾತ್ರಿ ತತ್ತಿಯಿಟ್ಟು ತಾನೇ ತಿಂದಿತೆಂದು ಭಾವಿಸುವುದುಂಟು. ಹಾಗೂ ಆಗಬಹುದು, ಆದರೆ ಎಷ್ಟೋ ಸಲ ಇಟ್ಟೇ ಇರುವುದಿಲ್ಲ.

ತೂಬು ಎತ್ತುವವನು ಯಾರು? ಮಳೆ. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಬೇಸಗೆಯಲ್ಲಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದ ಮಲೆನಾಡಿನ ಹೊಳೆ ಮಳೆ ಹಿಡಿದ ಕೆಲವೇ ದಿನಗಳಲ್ಲಿ ಕೆಂಪಾಗಿ ಉಕ್ಕುತ್ತದೆ. ನೀರು ತಣ್ಣಗಾಗುತ್ತದೆ, ಅದರಲ್ಲಿ ಕರಗಿದ್ದ ಲವಣಗಳು ತೆಳುವಾಗುತ್ತವೆ, ಸೆಳೆತ ಹೆಚ್ಚುತ್ತದೆ, ದಡದ ಹುಳುಹುಪ್ಪಟೆಗಳು ಕೊಚ್ಚಿಬಂದು ಆಹಾರಕ್ಕೆ ಸುಗ್ಗಿಯಾಗುತ್ತದೆ. ಹೊಳೆಯ ಮೀನಿನ ಮಿದುಳು ಇವೆಲ್ಲವನ್ನೂ ಕೂಡಿಸಿ ಓದುತ್ತದೆ, ಒಂದನ್ನಲ್ಲ. ಇದರಲ್ಲಿ ವಂಶದ ಹಿತವೂ ಅಡಗಿದೆ. ದಡ ಮೀರಿ ಹರಡಿದ ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಹೇರಳ. ಹುಲ್ಲುಗಿಡಗಳ ಮರೆಯೂ ಉಂಟು. ಎಳೆಮರಿಗಳಿಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಬೇಸಗೆಯ ಹೊಳೆಯಲ್ಲಿ ತತ್ತಿಯಿಟ್ಟ ಮೀನಿನ ಸಂತತಿ ಉಳಿಯಲಾರದು. ಕಾಯಬಲ್ಲ ಮೀನಿನದೇ ಉಳಿದುಬಂತು. ಮನೆಯ ತೊಟ್ಟಿಯಲ್ಲಾದರೋ ವರ್ಷವಿಡೀ ಒಂದೇ ಬಿಸುಪು, ಒಂದೇ ನೀರು, ಹೊತ್ತಿಗೆ ಸರಿಯಾಗಿ ಊಟ. ಮೀನಿನ ಲೆಕ್ಕದಲ್ಲಿ ಅಲ್ಲಿ ಎಂದೆಂದಿಗೂ ಬೇಸಗೆ.

ರೋಹು, ಕಾಟ್ಲಾ, ಮೃಗಾಲ್‌ಗಳೂ ನಿಂತ ನೀರಿನ ಕೊಳದಲ್ಲಿ ತತ್ತಿಯಿಡುವುದಿಲ್ಲ. ಹಿಂದೆ ಮೀನು ಸಾಕುವವರು ಮಳೆಗಾಲದಲ್ಲಿ ನದಿಗಳಿಗೆ ಹೋಗಿ ಸಣ್ಣ ಮರಿಗಳನ್ನು ಬಲೆಯಲ್ಲಿ ಸೋಸಿ ತರಬೇಕಾಗಿತ್ತು. ಬಂಗಾಳದ ಕೆಲವೆಡೆ ಮಾತ್ರ ಒಂದು ಜಾಣತನದ ಪದ್ಧತಿಯಿತ್ತು: ಇಳಿಜಾರಿನ ಕೆಳಗೆ ಒಡ್ಡು ಕಟ್ಟಿ, ಮೊದಲ ಜೋರುಮಳೆಯ ನೀರು ಅದರೊಳಕ್ಕೆ ನುಗ್ಗಿದಾಗ ಬಲಿತ ಮೀನುಗಳನ್ನು ಬಿಡುತ್ತಿದ್ದರು. ಹೊಸನೀರು ಸೋಕುತ್ತಲೇ ಅವು ತತ್ತಿಯಿಡುತ್ತಿದ್ದವು. ಹಾರ್ಮೋನಿನ ಹೆಸರನ್ನೇ ಅರಿಯದ ರೈತರು ಮಳೆಯ ಸಂಕೇತವನ್ನು ಹೀಗೆ ಅರಿತಿದ್ದರು.

ಮಳೆಯನ್ನೇ ಬದಿಗಿಟ್ಟು ನೇರವಾಗಿ ತೂಬಿಗೆ ಕೈಹಾಕಿದವರು ವಿಜ್ಞಾನಿಗಳು. 1930ರ ದಶಕದಲ್ಲಿ ಅರ್ಜೆಂಟೈನ, ಬ್ರೆಜಿಲ್ ದೇಶಗಳಲ್ಲಿ ಮೀನಿನ ಪಿಟ್ಯುಯಿಟರಿ ಗ್ರಂಥಿಯನ್ನು ಅರೆದು, ಆ ರಸವನ್ನು ಬೇರೆ ಮೀನುಗಳಿಗೆ ಚುಚ್ಚಿ ನೋಡಿದ ಪ್ರಯೋಗಗಳು ನಡೆದವು. ನಮ್ಮ ದೇಶದಲ್ಲಿ 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಈ ವಿಧಾನದಿಂದ ಭಾರತೀಯ ಗೆಂಡೆಮೀನುಗಳಿಂದ ತತ್ತಿಯಿಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನು ಇಂದಿಗೂ ಮೀನುಕೃಷಿಕರ ದಿನವಾಗಿ ಆಚರಿಸುತ್ತಾರೆ. ಅನಂತರ ಗ್ರಂಥಿಯ ಬದಲಿಗೆ ಕೃತಕ ಹಾರ್ಮೋನುಗಳು ಬಂದವು. ಓವಾಪ್ರಿಮ್ ಎಂಬ ಔಷಧದಲ್ಲಿ ‘ಬಿಡು’ ಎನ್ನುವ ವಸ್ತುವೂ ಇದೆ, ಡೋಪಮೀನಿನ ತಡೆಯನ್ನು ಸಡಿಲಿಸುವ ವಸ್ತುವೂ ಇದೆ. ಮೇಲೆ ವಿವರಿಸಿದ ಎರಡು ಅಪ್ಪಣೆಗಳ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಲೋಚ್‌ಗಳಿಗೂ ಇದೇ ಉಪಾಯ ಹೂಡಲಾಯಿತು. ಸುಮಾತ್ರಾ ಮತ್ತು ಬೋರ್ನಿಯೋ ನದಿಗಳ ಕ್ಲೌನ್ ಲೋಚ್, ಕಿತ್ತಳೆ ಮೈಯ ಮೇಲೆ ಮೂರು ಕಪ್ಪುಪಟ್ಟೆಗಳಿರುವ ಸುಂದರವಾದ ಮೀನು. ಅಂಗಡಿಯಲ್ಲಿ ಎರಡಂಗುಲದ ಮರಿಯಾಗಿ ಸಿಗುವ ಇದು ಬಲಿತರೆ ಒಂದಡಿ ಉದ್ದವಾಗಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲದು. ಪ್ರಾಯಕ್ಕೆ ಬರುವುದಕ್ಕೇ ಹಲವು ವರ್ಷಗಳು ಬೇಕು. ಕಾಡಿನಲ್ಲಿ ಮಳೆ ತೊಡಗಿದೊಡನೆ ನದಿಯ ಮೇಲ್ಭಾಗಕ್ಕೆ ವಲಸೆಹೋಗಿ ತತ್ತಿಯಿಡುವ ಈ ಮೀನಿಗೆ ನಮ್ಮ ಮನೆಯ ತೊಟ್ಟಿ ಎಷ್ಟು ದೊಡ್ಡದಾದರೇನು? ಮನೆಯಲ್ಲಿ ಅದು ಮರಿಮಾಡಿದ ನಂಬತಕ್ಕ ಉದಾಹರಣೆಗಳು ಬೆರಳೆಣಿಕೆಯವು. ಇಂಡೋನೇಷ್ಯದ ದೆಪೋಕ್ ನಗರದ ಸಂಶೋಧನಾಲಯದಲ್ಲಿ ಅಲ್ಲಿಯ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಹಾರ್ಮೋನು ಚುಚ್ಚಿ ಇದರಿಂದ ತತ್ತಿ ಪಡೆದು ಮರಿಗಳನ್ನು ಬೆಳೆಸಿದ್ದಾರೆ. ಥಾಯ್ಲೆಂಡಿನ ಪುಟ್ಟ ಸರಪಳಿ ಲೋಚ್‌ನ ಕಥೆ ಇನ್ನೂ ವಿಚಿತ್ರ. 1959ರಲ್ಲಿ ಹೆಸರು ಪಡೆದ ಆ ಮೀನು ನದಿಗಳಲ್ಲಿ ಅಳಿವಿನ ಅಂಚಿಗೆ ಬಂದಿದ್ದರೂ ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಸಾಕಣೆಯ ಕೇಂದ್ರಗಳಲ್ಲಿ ಚುಚ್ಚುಮದ್ದಿನಿಂದ ಹುಟ್ಟಿದ ಮರಿಗಳೇ ಅವು.

ನಮ್ಮ ಜೀಬ್ರಾ ಲೋಚ್ ಅಷ್ಟು ಅದೃಷ್ಟಶಾಲಿಯಲ್ಲ. ಪಶ್ಚಿಮಘಟ್ಟದ ಹೊಳೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಇದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ‘ಅಪಾಯಕ್ಕೊಳಗಾದ’ ಜಾತಿಯೆಂದು ಸೇರಿದೆ. 2005ರಿಂದ 2012ರವರೆಗೆ ಭಾರತದಿಂದ ಹೊರಹೋದ ಅಲಂಕಾರಮೀನುಗಳ ಲೆಕ್ಕವನ್ನು ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ವಿನಾಶದ ಭಯವಿರುವ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಮೀನುಗಳು ಆ ಅವಧಿಯಲ್ಲಿ ರಫ್ತಾಗಿದ್ದವು. ಅತಿ ಹೆಚ್ಚಾಗಿ ಮಾರಾಟವಾದವುಗಳ ಸಾಲಿನಲ್ಲಿ ತುಂಗೆಯ ಈ ಮೀನೂ ಇತ್ತು. ತೊಟ್ಟಿಯಲ್ಲಿ ಹುಟ್ಟದ ಮೀನನ್ನು ಹೊಳೆಯಿಂದಲೇ ತರಬೇಕಷ್ಟೆ. ಗಪ್ಪಿಯನ್ನು ಕೊಂಡರೆ ಯಾವ ಹೊಳೆಗೂ ನಷ್ಟವಿಲ್ಲ. ಹೊಳೆಯಲ್ಲಿ ಹಿಡಿದ ಲೋಚ್‌ನ ಮಾತು ಹಾಗಲ್ಲ. ಆದುದರಿಂದ ಅಂಗಡಿಯಲ್ಲಿ ‘ಇದು ಸಾಕಿದ ಮೀನೋ, ಹೊಳೆಯ ಮೀನೋ’ ಎಂದು ಕೇಳಿ ತಿಳಿದ ಮೇಲೆಯೇ ಹಣ ಕೊಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಏನೂ ಇಲ್ಲವೆ? ಚುಚ್ಚುಮದ್ದಿನ ಕೆಲಸಕ್ಕೆ ವಿದ್ಯಾರ್ಥಿಗಳು ಕೈಹಾಕಬಾರದು. ಮೀನಿನ ತೂಕಕ್ಕೆ ತಕ್ಕಂತೆ ಮದ್ದಿನ ಅಳತೆ ಹಿಡಿಯಬೇಕು, ತತ್ತಿ ಬಲಿತಿದೆಯೇ ಎಂದು ಮೊದಲೇ ಪರೀಕ್ಷಿಸಬೇಕು. ತಪ್ಪಿದರೆ ಮೀನು ಸಾಯುತ್ತದೆ. ಮಳೆಗಾಲವನ್ನು ತೊಟ್ಟಿಗೆ ತರುವ ಪ್ರಯತ್ನಕ್ಕಾದರೆ ಅಡ್ಡಿಯಿಲ್ಲ. ಅದಕ್ಕೆ ಜಾತಿಯ ಆಯ್ಕೆ ಮುಖ್ಯ.

ಹಾವಿನಂತೆ ನೀಳವಾದ ಕೂಲಿ ಲೋಚ್ ಇದಕ್ಕೆ ತಕ್ಕುದು. ಬಲಿತ ಹೆಣ್ಣಿನ ಹೊಟ್ಟೆಯಲ್ಲಿ ಹಸುರು ತತ್ತಿಗಳು ಚರ್ಮದ ಮೂಲಕವೇ ಕಾಣುತ್ತವೆ. ಗಿಡಗಳು ದಟ್ಟವಾಗಿರುವ ಹಳೆಯ ತೊಟ್ಟಿಗಳಲ್ಲಿ ಇದು ಯಾರಿಗೂ ತಿಳಿಯದಂತೆ ಮರಿಮಾಡಿ, ತೊಟ್ಟಿ ತೊಳೆಯುವಾಗ ಸೋಸುಕದ ಒಳಗಿಂದ ಮರಿಗಳು ಹೊರಬಂದದ್ದುಂಟು. ವಿಯೆಟ್ನಾಮಿನ ಸೆವೆಲಿಯಾ ಎಂಬ ಚಪ್ಪಟೆ ಲೋಚ್ ರಭಸದ ಸೆಳೆತ, ತಂಪು ಮತ್ತು ಬೇಕಾದಷ್ಟು ಆಮ್ಲಜನಕವಿದ್ದರೆ ಜಲ್ಲಿಯಲ್ಲಿ ಗುಂಡಿ ತೋಡಿ ತತ್ತಿಯಿಡುತ್ತದೆ. ಜಪಾನೀಯರು ಆಹಾರಕ್ಕೆ ಬೆಳೆಸುವ ದೋಜೋ ಲೋಚ್‌ಗೆ ಬೇಕಾದುದು ಮಳೆಯಲ್ಲ, ಚಳಿಗಾಲ. ತಂಪಿನಲ್ಲಿ ಕೆಲವು ತಿಂಗಳು ಕಳೆದು ನೀರು ಮತ್ತೆ ಬೆಚ್ಚಗಾದಾಗ ಗಂಡು ಹೆಣ್ಣಿನ ಮೈಯನ್ನು ಸುತ್ತಿ ಹಿಸುಕಿ ತತ್ತಿಯನ್ನು ಹೊರಡಿಸುತ್ತದೆ. ಇದರ ಗಂಡನ್ನು ಉದ್ದವಾದ ಎದೆಯ ಈಜುರೆಕ್ಕೆಯಿಂದ ಗುರುತಿಸಬಹುದು. ಬೋಟಿಯಾಗಳಲ್ಲಿ ಇಂಥ ಗುರುತು ಸಿಗುವುದಿಲ್ಲ. ಹೆಣ್ಣು ಸ್ವಲ್ಪ ದಪ್ಪ, ಅಷ್ಟೆ. ಆದ್ದರಿಂದಲೇ ಯಾವ ಲೋಚನ್ನಾದರೂ ಜೋಡಿಯಾಗಿ ಕೊಳ್ಳದೆ ಎಂಟು ಹತ್ತರ ಗುಂಪಾಗಿ ಕೊಳ್ಳಬೇಕು.

ಕೂಲಿ ಲೋಚ್‌ಗೆ ಮಳೆ ತರಿಸುವ ಬಗೆ ಇದು. ಎರಡು ತಿಂಗಳು ನೀರಿನ ಮಟ್ಟವನ್ನು ತಗ್ಗಿಸಿ, ನೀರನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಬೇಸಗೆಯನ್ನು ನಟಿಸಬೇಕು. ಆ ಕಾಲದಲ್ಲಿ ಎರೆಹುಳು, ಸೊಳ್ಳೆಯ ಮರಿಹುಳು ಮೊದಲಾದ ಜೀವಂತ ಆಹಾರವನ್ನು ಧಾರಾಳವಾಗಿ ಕೊಡಬೇಕು. ಮಳೆಗಾಲ ಹಿಡಿದ ಮೇಲೆ ಶುದ್ಧವಾದ ಮಳೆಯ ನೀರನ್ನು ಹಿಡಿದು, ತೊಟ್ಟಿಗಿಂತ ಮೂರು ನಾಲ್ಕು ಡಿಗ್ರಿ ತಂಪಾಗಿರುವಂತೆ ನೋಡಿಕೊಂಡು, ನಾಲ್ಕಾರು ದಿನ ಪ್ರತಿ ಸಂಜೆಯೂ ಒಂದಿಷ್ಟು ಸುರಿಯಬೇಕು. ಮೊದಲ ಮಳೆ ಹೆಂಚಿನ ಧೂಳನ್ನು ತೊಳೆದು ತರುವುದರಿಂದ ಅದು ಬೇಡ. ಬೆಂಗಳೂರಿನ ಹಲವು ಕೊಳವೆಬಾವಿಗಳ ಗಡಸುನೀರಂತೂ ಮೆದುನೀರಿನ ಈ ಮೀನಿಗೆ ಸಲ್ಲದು.

ತತ್ತಿ ಬಿದ್ದಮೇಲೂ ಕಷ್ಟ ಮುಗಿಯಲಿಲ್ಲ. ತಾಯಿತಂದೆಗಳಿಗೆ ಅದು ತಮ್ಮ ಸಂತಾನವೆಂಬ ಭಾವವೇ ಇಲ್ಲ, ಕಂಡರೆ ತಿಂದುಬಿಡುತ್ತವೆ. ತೊಟ್ಟಿಯ ತಳದಲ್ಲಿ ಮಕ್ಕಳು ಆಡುವ ಗಾಜಿನ ಗೋಲಿಗಳನ್ನು ಎರಡು ಮೂರು ಪದರ ಹರಡಿದರೆ ತತ್ತಿಗಳು ಸಂದಿಗೆ ಇಳಿದು ಉಳಿಯುತ್ತವೆ. ಬೆಚ್ಚಗಿನ ನೀರಿನಲ್ಲಿ ಒಂದು ದಿನದ ಆಸುಪಾಸಿನಲ್ಲಿಯೇ ಮರಿ ಹೊರಬರುತ್ತದೆ. ಹೊಟ್ಟೆಗಂಟಿದ ಹಳದಿ ಭಾಗ ಮೊದಲ ದಿನಗಳಿಗೆ ಬುತ್ತಿ. ಅದು ಮುಗಿದೊಡನೆ ಬಾಯಿಗೆ ಹಿಡಿಯುವಷ್ಟು ಸಣ್ಣ ಆಹಾರ ಸಿದ್ಧವಿರಬೇಕು. ಹುಲ್ಲು ಕೊಳೆಸಿದ ನೀರಿನ ಸೂಕ್ಷ್ಮಜೀವಿಗಳು ಮೊದಲು, ಆಮೇಲೆ ಆರ್ಟೀಮಿಯಾ ಸಿಗಡಿಯ ಆಗತಾನೇ ಒಡೆದ ಮರಿಗಳು. ಈ ಮೀನುಗಳು ಕತ್ತಲಲ್ಲಿ ಓಡಾಡುವಂಥವು. ಮರಿಗಳನ್ನು ಹುಡುಕುವವರು ದೀಪವಾರಿಸಿದ ಒಂದು ಗಂಟೆಯ ಮೇಲೆ, ಬ್ಯಾಟರಿಯ ಮಂದ ಬೆಳಕಿನಲ್ಲಿ, ಸೋಸುಕದ ಕೆಳಭಾಗವನ್ನೂ ಗಿಡದ ಬೇರುಗಳ ಬುಡವನ್ನೂ ನೋಡಬೇಕು.