ಫೋನ್ ಮಾಡಿ ಹಂಚುವ ಅನುದಾನ ಎಂಬುದಿಲ್ಲ

ಸಮುದಾಯ ಅಭಿವೃದ್ಧಿಗೆಂದು ಅಮೆರಿಕದ ಫೆಡರಲ್ ಸರ್ಕಾರ ಕೋಟಿಗಟ್ಟಲೆ ಡಾಲರ್ ತೆಗೆದಿಟ್ಟಿದೆ, ಒಂದು ಅರ್ಜಿ ಹಾಕಿದರೆ ಮನೆ ರಿಪೇರಿಗೋ ಸಣ್ಣ ವ್ಯಾಪಾರಕ್ಕೋ ನೇರ ನಿಮ್ಮ ಖಾತೆಗೆ ಬಂದು ಬೀಳುತ್ತದೆ, ತಿರುಗಿ ಕೊಡುವಂತಿಲ್ಲ! ಅಲ್ಲಿರುವ ನಮ್ಮವರ ನಡುವೆ ಓಡಾಡುವ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ತಾಳ್ಮೆ ಉಳಿಯುವುದಿಲ್ಲ. ವೀಸಾ ಫಾರಂನ ಒಂದೊಂದು ಕಾಲಮನ್ನೂ ಮೂರು ಸಲ ಓದುವ ಜನ, ಮಕ್ಕಳ ಶಾಲೆಯ ರೇಟಿಂಗ್ ಜಾಲಾಡದೆ ಬಾಡಿಗೆ ಮನೆ ಹಿಡಿಯದ ಜನ, ಇದೊಂದನ್ನು ಮಾತ್ರ ಕಣ್ಣು ಮುಚ್ಚಿ ನಂಬಿಬಿಡುತ್ತಾರೆ. ‘ನಿಮಗೆ ಗ್ರಾಂಟ್ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಟ್ಟಿ’ ಎಂದು ಫೋನ್ ಮಾಡುವವರ ಬದುಕು ನಡೆಯುವುದೇ ಈ ನಂಬಿಕೆಯ ಮೇಲೆ. ಕೇಳದೆ ಇದ್ದವರಿಗೆ ಫೋನ್ ಮಾಡಿ ಸರ್ಕಾರ ಅನುದಾನ ಕೊಡುವುದಿಲ್ಲ, ಗಿಫ್ಟ್ ಕಾರ್ಡಿನಲ್ಲಿ ಫೀ ಕೇಳುವವರೆಲ್ಲ ಮೋಸಗಾರರು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹೇಳುತ್ತಲೇ ಬಂದಿದೆ.

ದುಡ್ಡು ಇರುವುದಂತೂ ನಿಜ. ಅದರ ಹೆಸರು ಕಮ್ಯೂನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್. ಸಿಟಿ ಹಾಲ್‌ಗಳಲ್ಲಿ ಸಿಡಿಬಿಜಿ ಎನ್ನುತ್ತಾರೆ. 1974ರ ಆಗಸ್ಟ್ 22ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆಯಿಂದ ಹುಟ್ಟಿದ್ದು. ಅದಕ್ಕೆ ಮೊದಲು ಹಳೆ ಬಡಾವಣೆಗಳ ಪುನರ್ನಿರ್ಮಾಣಕ್ಕೆ ಒಂದು ಯೋಜನೆ, ಕುಡಿಯುವ ನೀರು ಮತ್ತು ಒಳಚರಂಡಿಗೆ ಇನ್ನೊಂದು, ಉದ್ಯಾನಗಳಿಗೆ ಮತ್ತೊಂದು ಎಂದು ಹರಿದು ಹಂಚಿಹೋಗಿದ್ದ ಹಣವನ್ನು ಒಟ್ಟುಗೂಡಿಸಿ, ನಿಮ್ಮ ಊರಿಗೆ ಏನು ಬೇಕೋ ನೀವೇ ತೀರ್ಮಾನಿಸಿ ಎಂದು ಸ್ಥಳೀಯ ಸರ್ಕಾರಗಳ ಕೈಗೆ ಕೊಟ್ಟರು. ಈಚಿನ ವರ್ಷಗಳಲ್ಲಿ ಇದರ ಮೊತ್ತ ವರ್ಷಕ್ಕೆ ಸುಮಾರು 330 ಕೋಟಿ ಡಾಲರ್.

ಇದರಲ್ಲಿ ಯಾರಿಗೆ ಎಷ್ಟು ಎಂಬುದು ಅರ್ಜಿಯ ಮೇಲೆ ನಿಲ್ಲುವುದೇ ಇಲ್ಲ. ಫೆಡರಲ್ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ಎರಡು ಸೂತ್ರಗಳಲ್ಲಿ ಲೆಕ್ಕ ಹಾಕುತ್ತದೆ. ಒಂದು ಸೂತ್ರದಲ್ಲಿ ಜನಸಂಖ್ಯೆ, ಬಡತನ, ಕಿಕ್ಕಿರಿದ ಮನೆಗಳು. ಇನ್ನೊಂದರಲ್ಲಿ ಬಡತನದ ಜೊತೆಗೆ 1940ಕ್ಕಿಂತ ಮೊದಲು ಕಟ್ಟಿದ ಮನೆಗಳು ಮತ್ತು ಜನಸಂಖ್ಯೆಯ ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಪ್ರಮಾಣ. ಯಾವುದರಲ್ಲಿ ಹೆಚ್ಚು ಬರುತ್ತದೋ ಅದು ಆ ನಗರದ ಪಾಲು. ಜನ ಬಿಟ್ಟುಹೋಗುತ್ತಿದ್ದ ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್‌ನಂಥ ಹಳೆಯ ಊರುಗಳನ್ನು ಕೈಬಿಡದಿರಲೆಂದೇ ಎರಡನೆಯ ಸೂತ್ರ ಬಂದದ್ದು. ಇಷ್ಟಾದ ಮೇಲೂ ನಗರಕ್ಕೆ ಯಾರೂ ಇಡಿಯಾಗಿ ಚೆಕ್ ಬರೆದು ಕೊಡುವುದಿಲ್ಲ. ಮೂರರಿಂದ ಐದು ವರ್ಷದ ಯೋಜನೆ, ಅದರಡಿ ಪ್ರತಿ ವರ್ಷದ ಕ್ರಿಯಾ ಯೋಜನೆ, ಪರಿಸರ ಪರಿಶೀಲನೆ ಎಲ್ಲ ಮುಗಿದ ಮೇಲೆ, ಖರ್ಚು ಆದ ಹಾಗೆ ಫೆಡರಲ್ ಖಾತೆಯಿಂದ ಎಳೆದುಕೊಳ್ಳಬೇಕು. ವೃದ್ಧರಿಗೆ ಊಟ ಕೊಡುವ ಸಂಸ್ಥೆಯೋ ನಿರಾಶ್ರಿತರ ತಂಗುದಾಣವೋ ಎಷ್ಟೋ ಕಡೆ ಮೊದಲು ತನ್ನ ಕೈಯಿಂದ ಹಾಕಿ, ಆಮೇಲೆ ನಗರಕ್ಕೆ ಬಿಲ್ಲು ಕೊಟ್ಟು ಕಾಯುತ್ತದೆ. ಇಷ್ಟು ಬಿಗಿಯಾದ ದಾರಿಯಲ್ಲಿ ಬರುವ ದುಡ್ಡು ಯಾರದೋ ಒಂದು ಫೋನಿಗೆ ನಿಮ್ಮ ಬ್ಯಾಂಕಿಗೆ ಬಂದೀತೆ?

ವ್ಯಕ್ತಿಗಳ ಕೈಗೆ ನಗದು ಕೊಡುವುದಕ್ಕೆ ನಿಯಮದಲ್ಲೇ ತಡೆಯಿದೆ. ಬಾಡಿಗೆ ಕಟ್ಟಲಾಗದ ಕುಟುಂಬಕ್ಕೆ ತುರ್ತು ನೆರವು ಕೊಡಬಹುದು, ಆದರೆ ಸಾಮಾನ್ಯವಾಗಿ ಸತತ ಮೂರು ತಿಂಗಳಿಗೆ ಮೀರದಂತೆ, ಅದೂ ಮನೆ ಮಾಲೀಕರಿಗೋ ವಿದ್ಯುತ್ ಕಂಪನಿಗೋ ನೇರವಾಗಿ.

ಮನೆ ರಿಪೇರಿಯ ಕಥೆಯಲ್ಲಿ ಒಂದು ಎಳೆ ಸತ್ಯವಿದೆ, ಅದೇ ಜನರನ್ನು ದಾರಿ ತಪ್ಪಿಸುವುದು. ಅನೇಕ ನಗರಗಳು ಈ ಹಣದಿಂದ ಸೋರುವ ಸೂರು, ಕೆಟ್ಟ ಹೀಟರ್ ಸರಿಮಾಡಿಸಿಕೊಡುತ್ತವೆ, ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸಿಕೊಡುತ್ತವೆ. ಆದರೆ ಅರ್ಜಿ ಹೋಗುವುದು ನಿಮ್ಮ ಊರಿನ ಸಿಟಿ ಹಾಲ್‌ಗೆ. ಆದಾಯದ ದಾಖಲೆ ತೋರಿಸಬೇಕು. ಎಷ್ಟೋ ಕಡೆ ಅದು ಮನೆ ಮಾರುವಾಗ ತೀರಿಸಬೇಕಾದ ಬಡ್ಡಿಯಿಲ್ಲದ ಸಾಲ. ಆದಾಯದ ಮಿತಿ ಆ ಪ್ರದೇಶದ ಮಧ್ಯಾಂಕ (ಮೀಡಿಯನ್) ಆದಾಯದ ಶೇ. 80. ದುಬಾರಿ ಊರುಗಳಲ್ಲಿ ಇದು ನಾವೆಣಿಸಿದ್ದಕ್ಕಿಂತ ಬಹಳ ಮೇಲಿರುತ್ತದೆ. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 1,17,400 ಡಾಲರ್‌ವರೆಗಿನ ಗಳಿಕೆಯನ್ನು ಇದೇ ಇಲಾಖೆ ‘ಕಡಿಮೆ ಆದಾಯ’ ಎಂದು ಎಣಿಸಿತ್ತು. ನಿಜವಾಗಿ ನೆರವು ಸಿಗಬಹುದಾದ ಕುಟುಂಬ ‘ನಾವೇನು ಬಡವರೇ’ ಎಂದು ಸುಮ್ಮನಿರುತ್ತದೆ, ಫೋನಿನವನಿಗೆ ಫೀ ಮಾತ್ರ ಕಟ್ಟುತ್ತದೆ. ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ.

ಮೇಯರ್ ಮನಸ್ಸಿಗೆ ಬಂದಂತೆ ಖರ್ಚು ಮಾಡುತ್ತಾನೆ ಎನ್ನುವವರಿಗೆ: ಶೇ. 70ರಷ್ಟಾದರೂ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಪ್ರಯೋಜನವಾಗಲೇಬೇಕು, ಸಿಟಿ ಹಾಲ್ ಕಟ್ಟಿಸಲು ಒಂದು ಡಾಲರ್ ಕೂಡ ಮುಟ್ಟುವಂತಿಲ್ಲ. ದೊಡ್ಡ ನಗರಗಳಿಗೆ ಮಾತ್ರ ಎಂಬುದೂ ಸುಳ್ಳು, ಶೇ. 30 ರಾಜ್ಯಗಳ ಮೂಲಕ ಸಣ್ಣ ಊರುಗಳಿಗೆ ಹೋಗುತ್ತದೆ.

ನಂಬಿಕೆಯ ಈ ಅವಸರ ಓದು ಬರಹ ಬಲ್ಲವರನ್ನೂ ಬಿಟ್ಟಿಲ್ಲ. 2017ರ ಮಾರ್ಚ್‌ನಲ್ಲಿ ಟ್ರಂಪ್ ಸರ್ಕಾರ ಈ ಅನುದಾನವನ್ನೇ ರದ್ದು ಮಾಡುವ ಪ್ರಸ್ತಾವ ಇಟ್ಟಾಗ, ವೃದ್ಧರ ಮನೆಗೆ ಊಟ ತಲುಪಿಸುವ ‘ಮೀಲ್ಸ್ ಆನ್ ವೀಲ್ಸ್’ ನಿಂತೇ ಹೋಯಿತು ಎಂದು ದೇಶವೆಲ್ಲ ಗದ್ದಲ ಎದ್ದಿತು. ಆ ಊಟಕ್ಕೆ ಬರುವ ಫೆಡರಲ್ ಹಣದ ದೊಡ್ಡ ಪಾಲು ಹಿರಿಯ ನಾಗರಿಕರ ಕಾಯ್ದೆಯದು. ಸಿಡಿಬಿಜಿಯಿಂದ ಕೆಲವು ಊರುಗಳಿಗಷ್ಟೇ ಒಂದಿಷ್ಟು ಸಿಗುತ್ತಿತ್ತು. ನಿಜವಾಗಿ ಪೆಟ್ಟು ಬೀಳಲಿದ್ದ ಕಾಲುದಾರಿ, ಚರಂಡಿ, ಸಮುದಾಯ ಭವನಗಳ ಬಗ್ಗೆ ಯಾರೂ ಅಷ್ಟು ಕೂಗಲಿಲ್ಲ. ಕಾಂಗ್ರೆಸ್ ಆ ಪ್ರಸ್ತಾವವನ್ನು ಒಪ್ಪದೆ ಮರುವರ್ಷದ ಮೊತ್ತವನ್ನು 300 ಕೋಟಿಯಿಂದ 330 ಕೋಟಿಗೆ ಏರಿಸಿತು. ಗದ್ದಲ ಮಾಡಿದವರಲ್ಲಿ ಎಷ್ಟು ಮಂದಿ ಆ ಸುದ್ದಿ ಓದಿದರೋ!

ತಿಳಿದುಕೊಳ್ಳುವ ದಾರಿ ಕಷ್ಟದ್ದೇನಲ್ಲ. ಈ ಹಣವನ್ನು ನೇರವಾಗಿ ಪಡೆಯುವ ಪ್ರತಿ ನಗರವೂ ವರ್ಷಕ್ಕೆ ಕನಿಷ್ಠ ಎರಡು ಬಹಿರಂಗ ಸಭೆ ನಡೆಸಬೇಕು, ಕರಡು ಯೋಜನೆಯನ್ನು 30 ದಿನ ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕು ಎಂಬುದು ಕಾನೂನು. ನಿಮ್ಮ ಬೀದಿಗೆ ಕಾಲುದಾರಿ ಬೇಕಿದ್ದರೂ, ಅಜ್ಜಿಯ ಮನೆಯ ಮೆಟ್ಟಿಲಿಗೆ ಕೈಹಿಡಿ ಬೇಕಿದ್ದರೂ ಕೇಳಬೇಕಾದ ಜಾಗ ಅದು, ಮತ್ತು ಅಲ್ಲಿ ಮಾತಾಡಲು ಯಾವ ಫೀಯೂ ಇಲ್ಲ.