ಖಾಕಿ ತೊಟ್ಟ ಮೇಲೆ ಬಿ.ಎ. ಓದು

ಪೊಲೀಸ್ ಅಧಿಕಾರಿ ಆಗಲು ಯಾವ ಡಿಗ್ರಿ ಮಾಡಬೇಕು ಎಂದು ನಮ್ಮೂರ ಹುಡುಗಿಯರು ನನ್ನನ್ನು ಕೇಳುತ್ತಿರುತ್ತಾರೆ. ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಸಾಕು. ನಾನು ಸೇರಿದ್ದೂ ಹಾಗೆಯೇ. ಪಿಎಸ್‌ಐ, ಅಂದರೆ ಸಬ್ ಇನ್‌ಸ್ಪೆಕ್ಟರ್ ಆಗಬೇಕೆಂದರೆ ಪದವಿ ಬೇಕೇ ಬೇಕು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಯಾವುದಾದರೂ ನಡೆಯುತ್ತದೆ, ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇರಬೇಕು ಅಷ್ಟೆ. ಅಪರಾಧಶಾಸ್ತ್ರವನ್ನೇ ಓದಿರಬೇಕೆಂಬ ನಿಯಮವಿಲ್ಲ. ಅದರಲ್ಲಿ ಆಸಕ್ತಿ ಇದ್ದವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಆ ವಿಭಾಗವಿದೆ.

ನಾನು ಬಿ.ಎ. ಕಟ್ಟಿದ್ದು ಕೆಲಸಕ್ಕೆ ಸೇರಿದ ಮೇಲೆ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ. ರಾತ್ರಿ ಪಾಳಿ ಮುಗಿಸಿ ಕ್ವಾರ್ಟರ್ಸಿಗೆ ಬಂದು, ಮಗಳನ್ನು ಸ್ಕೂಲಿಗೆ ಕಳಿಸಿದ ಮೇಲೆ ಸಿಗುತ್ತಿದ್ದ ಹೊತ್ತಿನಲ್ಲೇ ಓದು. ಗಣೇಶನ ಹಬ್ಬದ ಬಂದೋಬಸ್ತ್ ಬಂತೆಂದರೆ ಅದೂ ಇಲ್ಲ.

ಪಿಎಸ್‌ಐ ಪರೀಕ್ಷೆ ಎಂದರೆ ಎಲ್ಲರಿಗೂ ಓಟದ್ದೇ ಚಿಂತೆ. ಗಂಡಸರಿಗೆ 7 ನಿಮಿಷದಲ್ಲಿ 1600 ಮೀಟರ್, ಹೆಂಗಸರಿಗೆ 2 ನಿಮಿಷದಲ್ಲಿ 400 ಮೀಟರ್. ಅದರಲ್ಲಿ ಪಾಸಾದರೆ ಸಾಕು, ಅಂಕವಿಲ್ಲ. ಅಂಕವಿರುವುದು ಲಿಖಿತ ಪರೀಕ್ಷೆಗೆ: ಬಹು ಆಯ್ಕೆಯ ಪ್ರಶ್ನೆಗಳಿಗೆ 150, ಬರವಣಿಗೆಗೆ 50. ಆ 50ರಲ್ಲಿ ಪ್ರಬಂಧಕ್ಕೆ 20, ಅನುವಾದಕ್ಕೆ 20, ಸಾರಾಂಶಕ್ಕೆ 10. ಹೆಚ್ಚಿನವರು 150ರ ಬೆನ್ನು ಹತ್ತುತ್ತಾರೆ. ಠಾಣೆಯ ನಿಜವಾದ ಕೆಲಸ ಇರುವುದು ಆ 50ರಲ್ಲಿ ಎಂದು ನಾನು ಹೇಳುತ್ತೇನೆ.

ಒಮ್ಮೆ ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಪಕ್ಕದಲ್ಲಿ ಕೂತು ದೂರು ಬರೆದುಕೊಳ್ಳುತ್ತಿದ್ದೆ. ಕುರಿ ಕಳೆದುಕೊಂಡ ಮುದುಕಿಯೊಬ್ಬಳು ಮಗನ ಮದುವೆಯಿಂದ ಶುರು ಮಾಡಿ, ಮೈದುನನ ಜೊತೆಗಿನ ಹೊಲದ ತಂಟೆಗೆ ಬಂದು, ಅಳತೊಡಗಿದಳು.

"ಆಯಿ, ಕುರಿ ಕಡೀಕ ಯಾವಾಗ ನೋಡಿದ್ದಿ?"

"ಯವ್ವಾ, ರಾತ್ರಿ ಕಡೇ ಬಸ್ ಹೋದ ಮ್ಯಾಲೆ ಸೊಪ್ಪು ಹಾಕೀನಿ."

ಕಡೇ ಬಸ್ಸಿನಿಂದ ಹೊತ್ತು ಗೊತ್ತಾಯಿತು. ಎಡಗಿವಿ ಸೀಳಿದ್ದು ಎಂದಳು, ಗುರುತು ಸಿಕ್ಕಿತು. ಹೊಲದ ತಂಟೆಯನ್ನೂ ಒಂದು ಸಾಲಿನಲ್ಲಿ ಉಳಿಸಿಕೊಂಡೆ. ಯಾರ ಮೇಲೆ ಅನುಮಾನ ಎಂಬುದು ಅದರಲ್ಲೇ ಇತ್ತು. ಬರೆದದ್ದನ್ನು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡೆವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನೂ ಇದನ್ನೇ ಹೇಳುತ್ತದೆ: ಹೇಳಿದವರಿಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಮುಂದೆ ಕೋರ್ಟಿನಲ್ಲಿ ವಕೀಲರು ಕೆದಕುವುದು ಇದೇ ಹಾಳೆಯನ್ನು. ಇಲ್ಲಿ ಹೊತ್ತು ತಪ್ಪಿದರೆ ಬಡವರ ಕೇಸು ಅಲ್ಲೇ ಬಿದ್ದುಹೋಗುತ್ತದೆ.

ಅದಕ್ಕೇ ಹುಡುಗಿಯರಿಗೆ ಹೇಳುವುದು: ಗೈಡ್ ಉರುಹೊಡೆದು ಡಿಗ್ರಿ ಮುಗಿಸಬೇಡಿ. ದಿನಾ ಪತ್ರಿಕೆಯ ಒಂದು ವರದಿಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಕೈಯಲ್ಲೇ ಬರೆಯಿರಿ.

ಕಾಯುವ ಸಂಕಟವೂ ಇದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ವಯಸ್ಸು ಕೈಜಾರಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮುಂದಿನ ಅಧಿಸೂಚನೆ ಬಂದಾಗ ನಮ್ಮೂರ ಹುಡುಗಿಯರ ಜೊತೆ ನಾನೂ ಅರ್ಜಿ ಹಾಕುತ್ತೇನೆ.